ಬಿಳಿಗಿರಿ ಬೆಟ್ಟದಲ್ಲಿ ಜೇನಿನ ಕಾಲ: ಮಕ್ಕಳ ಜೊತೆ ಒಂದು ಬೇಸಿಗೆ ಪ್ರವಾಸ

ಬೇಸಿಗೆ ರಜೆಗೆ ಎಲ್ಲಿಗೆ ಹೋಗೋಣ ಅನ್ನೋ ಚರ್ಚೆ ಈ ಸಲ ನಮ್ಮನೆಯಲ್ಲಿ ಬೇಗ ಮುಗಿಯಿತು. ಬಿಳಿಗಿರಿರಂಗನ ಬೆಟ್ಟ. ಮಕ್ಕಳು ಕಾಡನ್ನು ಜೀಪಿನಲ್ಲಿ ಕೂತು ನೋಡಿ ಬಂದರೆ ಸಾಲದು, ಅಲ್ಲೇ ಹುಟ್ಟಿ ಬೆಳೆದವರಿಂದ ಕೇಳಿ ತಿಳಿಯಬೇಕು ಅನ್ನೋದು ನನ್ನ ಆಸೆ. ಸೋಲಿಗ ಬುಡಕಟ್ಟಿನವರು ಈ ಬೆಟ್ಟದಲ್ಲಿ ತಲೆತಲಾಂತರದಿಂದ ಇದ್ದಾರೆ. ಯಾವ ಹೂ ಬಿಟ್ಟರೆ ಯಾವ ಕೆಲಸಕ್ಕೆ ಹೊರಡಬೇಕು, ಯಾವ ಗೆಡ್ಡೆಯನ್ನು ಯಾವಾಗ ಅಗೆಯಬೇಕು, ಎಷ್ಟು ಬಿಟ್ಟು ಬರಬೇಕು ಅನ್ನೋದೆಲ್ಲ ಅವರಿಗೆ ಬಾಯಿಪಾಠ. ಐದನೇ ಕ್ಲಾಸಿನ ಮಗಳು, ಎರಡನೇ ಕ್ಲಾಸಿನ ಮಗ, ನನ್ನ ಅಕ್ಕನ ಎಂಟನೇ ಕ್ಲಾಸಿನ ಮಗ, ನಾವಿಬ್ಬರು. ಮೇ ತಿಂಗಳ ಮೊದಲ ವಾರ ಹೊರಟೆವು.

ಶುಕ್ರವಾರ: ಬಯಲಿನಿಂದ ಬೆಟ್ಟಕ್ಕೆ

ಬೆಂಗಳೂರಿನಿಂದ ಕನಕಪುರ, ಮಳವಳ್ಳಿ ಮೇಲೆ ಕೊಳ್ಳೇಗಾಲ. ಮಳವಳ್ಳಿ ದಾಟಿದ ಮೇಲೆ ಎರಡೂ ಕಡೆ ಕಬ್ಬು, ನಡುನಡುವೆ ಹಿಪ್ಪುನೇರಳೆ ತೋಟ. ಸತ್ತೇಗಾಲದ ಹತ್ತಿರ ಕಾವೇರಿ ದಾಟುವಾಗ ನೀರು ಕಡಿಮೆ ಇತ್ತು, ಬಂಡೆಗಳೇ ಜಾಸ್ತಿ ಕಾಣುತ್ತಿದ್ದವು. "ನದಿ ಯಾಕೆ ಇಷ್ಟು ಸಣ್ಣಗಿದೆ?" ಅಂತ ಮಗ ಕೇಳಿದ. ಆಗಸ್ಟಿನಲ್ಲಿ ಬಂದರೆ ಇದೇ ಸೇತುವೆ ಮೇಲೆ ನಿಂತು ಮಾತಾಡಿದರೂ ಒಬ್ಬರಿಗೊಬ್ಬರಿಗೆ ಕೇಳಿಸಲ್ಲ ಅಂದೆ. ಅವನಿಗೆ ನಂಬಿಕೆ ಬರಲಿಲ್ಲ. ಕೊಳ್ಳೇಗಾಲದಲ್ಲಿ ರಸ್ತೆ ಬದಿ ಒಬ್ಬ ಅಜ್ಜಿ ಮಾವಿನಹಣ್ಣು ಮಾರುತ್ತಿದ್ದರು. "ಈ ಸಲ ಮಳ ತಡವಾಯ್ತು, ಹಣ್ಣು ಸಿಹಿ ಅದ" ಅಂದರು. ಮಳೆ ಬಂದರೆ ಹಣ್ಣು ಯಾಕೆ ಸಪ್ಪೆಯಾಗುತ್ತದೆ ಅನ್ನೋ ಪ್ರಶ್ನೆ ಯಳಂದೂರಿನವರೆಗೂ ಕಾರಿನಲ್ಲಿ ಓಡಾಡಿತು.

ಯಳಂದೂರು ದಾಟಿದರೆ ಅರಣ್ಯ ಇಲಾಖೆಯ ಚೆಕ್‌ಪೋಸ್ಟ್. ಕತ್ತಲಾದ ಮೇಲೆ ಗೇಟು ಹಾಕುತ್ತಾರೆ. ಹಾಗಾಗಿ ಮಕ್ಕಳನ್ನು ಕರೆದುಕೊಂಡು ಹೋಗುವವರು ನಾಲ್ಕು ಗಂಟೆಯೊಳಗೆ ಇಲ್ಲಿ ಇರುವಂತೆ ನೋಡಿಕೊಂಡರೆ ಒಳ್ಳೆಯದು. ಕಾಡಿನ ರಸ್ತೆಯಲ್ಲಿ ಇಳಿಯೋ ಹಾಗಿಲ್ಲ, ಹಾರ್ನ್ ಹೊಡೆಯೋ ಹಾಗಿಲ್ಲ. ಮೂತ್ರ, ತಿಂಡಿ ಎಲ್ಲ ಯಳಂದೂರಿನಲ್ಲೇ ಮುಗಿಸಿಕೊಂಡೆವು.

ಗೇಟು ದಾಟಿದ ಕೂಡಲೇ ಎ.ಸಿ. ಆಫ್ ಮಾಡಿ ಕಿಟಕಿ ಇಳಿಸಿದೆವು. ಕಾಡು ಬದಲಾದಾಗ ಹೇಳಬೇಕು, ಇದು ಮಕ್ಕಳಿಗೆ ಕೊಟ್ಟ ಆಟ. ಮೊದಲು ಮುಳ್ಳಿನ ಕುರುಚಲು, ಬಿಸಿಗಾಳಿ. ಆಮೇಲೆ ಎಲೆ ಉದುರಿಸಿ ಈಗಷ್ಟೇ ಚಿಗುರುತ್ತಿದ್ದ ಮರಗಳು, ಮಧ್ಯೆ ಮಧ್ಯೆ ಹಳದಿ ಗೊಂಚಲು ತುಂಬಿದ ಕಕ್ಕೆ. ತಿರುವುಗಳು ಶುರುವಾದ ಮೇಲೆ ಮಗಳು "ಈಗ! ಈಗ ತಣ್ಣಗಾಯ್ತು" ಅಂತ ಕೂಗಿದಳು. ನಿಜ. ಒಂದೇ ತಿರುವಿನಲ್ಲಿ ಗಾಳಿ ಬೇರೆಯಾಗಿತ್ತು. ಒಂದೇ ಬೆಟ್ಟದಲ್ಲಿ ಕುರುಚಲು, ಎಲೆ ಉದುರುವ ಕಾಡು, ಮೇಲೆ ಹೋದರೆ ಶೋಲ ಅನ್ನೋ ಸದಾ ಹಸಿರಿನ ಕಾಡು, ಹುಲ್ಲುಗಾವಲು ಎಲ್ಲ ಇದೆ. ಪಶ್ಚಿಮ ಘಟ್ಟಕ್ಕೂ ಪೂರ್ವ ಘಟ್ಟಕ್ಕೂ ಕೊಂಡಿಯಾಗಿರುವ ಬೆಟ್ಟ ಇದು. ಆ ಮಾತನ್ನು ದೊಡ್ಡ ಹುಡುಗನಿಗೆ ಮ್ಯಾಪಿನಲ್ಲಿ ತೋರಿಸಿದೆ. ಚಿಕ್ಕವರಿಗೆ ಗಾಳಿಯೇ ಸಾಕಾಗಿತ್ತು.

ರಾತ್ರಿ ನಾವು ಉಳಿದ ಮನೆಯಲ್ಲಿ ಊಟಕ್ಕೆ ರಾಗಿಮುದ್ದೆ, ಅಣ್ಣೆ ಸೊಪ್ಪಿನ ಸಾರು. ಅಡುಗೆ ಮಾಡಿದ ಅಕ್ಕ ಹತ್ತಿರದ ಪೋಡಿನವರು. ಸೋಲಿಗರ ಹಟ್ಟಿಗೆ ಪೋಡು ಅಂತಾರೆ. ಮುದ್ದೆ ಅಗಿಯುತ್ತಾ ಕೂತಿದ್ದ ಮಗನನ್ನು ನೋಡಿ ಅವರು ಪಕ್ಕದಲ್ಲೇ ಕೂತರು. ಬೆರಳ ತುದಿಯಲ್ಲಿ ಚಿಕ್ಕ ತುತ್ತು ಮುರಿದು, ಸಾರಿನಲ್ಲಿ ಹೊರಳಿಸಿ, "ಅಗೀಬ್ಯಾಡ ಮಗ, ಹಂಗೇ ನುಂಗು" ಅಂದರು. ಅವನು ಕಣ್ಣು ಮುಚ್ಚಿ ನುಂಗಿದ. ಆಮೇಲೆ ಇನ್ನೊಂದು ಮುದ್ದೆ ಕೇಳಿದ. ಸೊಪ್ಪು ಎಲ್ಲಿಂದ ತಂದಿರಿ ಅಂದರೆ, "ತರಾದೇನು, ಹೊಲದಲ್ಲಿ ಅದೇ ಬತ್ತದ" ಅಂದರು.

ಶನಿವಾರ: ಪೋಡು, ಜೇನು, ಆಲಿಕಲ್ಲು

ಬೆಳಿಗ್ಗೆ ಆ ಅಕ್ಕನ ಮಾವ ಬಂದರು. ಮಕ್ಕಳಿಗೆ ಅವರು ಮೊದಲ ನಿಮಿಷದಿಂದಲೇ 'ತಾತ'. ಕಾಡಿನೊಳಗೆ ಅನುಮತಿ ಇಲ್ಲದೆ ನಡೆಯೋ ಹಾಗಿಲ್ಲ, ಹುಲಿ ಸಂರಕ್ಷಿತ ಪ್ರದೇಶ. ಆದರೆ ಅವರ ಪೋಡು, ಅವರ ಕಾಫಿ ತೋಟ, ರಸ್ತೆ ಬದಿಯ ದಾರಿ ಇಷ್ಟರಲ್ಲೇ ಒಂದು ಇಡೀ ಬೆಳಿಗ್ಗೆ ಸಾಲದೇ ಹೋಯಿತು. ಹೊರಡುವ ಮುಂಚೆ ಮಕ್ಕಳಿಗೆ ಎರಡು ಮಾತು ಹೇಳಿದ್ದೆ. ಕೇಳದೆ ಯಾರ ಫೋಟೋನೂ ತೆಗೆಯಬಾರದು. ಯಾರ ಮನೆಯೊಳಗೂ ಕರೆಯದೆ ಇಣುಕಬಾರದು. ಪ್ರವಾಸಿಗರು ಪೋಡುಗಳಲ್ಲಿ ಮೊಬೈಲ್ ಎತ್ತಿಕೊಂಡು ಓಡಾಡೋದನ್ನು ನೋಡಿದಾಗ ನನಗೆ ಹಿಂಸೆಯಾಗುತ್ತದೆ. ಅದು ಜನ ಬಾಳುವ ಊರು.

ಮಗನ ಮೊದಲ ಪ್ರಶ್ನೆ ನಿರೀಕ್ಷಿಸಿದ್ದೇ. "ತಾತ, ನೀವು ಹುಲಿ ನೋಡಿದೀರಾ?"

"ನಾವ್ ಅದ್ನ ನೋಡಿರಾದ್ಕಿಂತ ಅದೇ ನಮ್ಮ ಜಾಸ್ತಿ ನೋಡದ ಕನ ಮಗ" ಅಂದರು ತಾತ. ಹುಲಿ ಅವರಿಗೆ ದೇವರು, ಹುಲಿವೀರಪ್ಪ. ಹೆಜ್ಜೇನು ಇಳಿಸಿದಾಗ ಒಂದಿಷ್ಟು ಜೇನುರೊಟ್ಟು ನೆಲದ ಮೇಲೆ ಬಿಟ್ಟು ಬರುತ್ತಾರಂತೆ. ಯಾಕೆ ಅಂದರೆ ಕರಡಿ ಮರ ಹತ್ತುತ್ತದೆ, ಹುಲಿ ಅಷ್ಟೆತ್ತರಕ್ಕೆ ಹತ್ತಲಾರದು, ಅದಕ್ಕೂ ಪಾಲು ಬೇಡವಾ ಅಂತ. ಮಗ ಬಹಳ ಹೊತ್ತು ಸುಮ್ಮನಾದ.

ತಾತನ ತೋಟದಲ್ಲಿ ಕಾಫಿ ಗಿಡ ಸಾಲಾಗಿ ಇಲ್ಲ. ಹಲಸು, ಸಿಲ್ವರ್ ಓಕ್, ಕಾಡುಮರಗಳ ನೆರಳಲ್ಲಿ ಅಲ್ಲಲ್ಲಿ ಇವೆ. ಹಸಿರು ಕಾಯಿ ಕಟ್ಟಿದ್ದವು. ಮಣ್ಣಿನ ಗೋಡೆಯೊಂದರ ಬಿರುಕಿನ ಮುಂದೆ ತಾತ ನಿಂತು ಮಕ್ಕಳನ್ನು ಕುಕ್ಕರಗಾಲಲ್ಲಿ ಕೂರಿಸಿದರು. ಬಿರುಕಿನಿಂದ ಕಂದು ಮೇಣದ ಸಣ್ಣ ಕೊಳವೆ ಹೊರಗೆ ಚಾಚಿತ್ತು, ಪೆನ್ನಿನ ಮುಚ್ಚಳದಷ್ಟು. ಅದರ ಬಾಯಲ್ಲಿ ಎಳ್ಳಿಗಿಂತ ಸ್ವಲ್ಪ ದೊಡ್ಡ ಕಪ್ಪು ಹುಳಗಳು ಕಾವಲು ಕೂತಿದ್ದವು. ಒಂದು ಹೊರಗಿಂದ ಬಂದಾಗ ಕಾವಲಿನವು ಪಕ್ಕಕ್ಕೆ ಸರಿದು ದಾರಿ ಬಿಟ್ಟವು. ಅದರ ಹಿಂಗಾಲಿನಲ್ಲಿ ಹಳದಿ ಪರಾಗದ ಉಂಡೆ. "ನಸರಿ ಜೇನು. ಕಚ್ಚಕ್ಕೆ ಮುಳ್ಳಿಲ್ಲ ಇದ್ಕೆ" ಅಂದರು. ಮಗಳು ಮೂಗು ತಾಗುವಷ್ಟು ಹತ್ತಿರ ಹೋಗಿ ಕಾಲು ಗಂಟೆ ಅಲ್ಲೇ ಇದ್ದಳು.

ಅಲ್ಲಿಂದ ಜೇನಿನ ಪಾಠ. ಬಂಡೆಗೂ ಎತ್ತರದ ಮರಕ್ಕೂ ಕಟ್ಟುವುದು ಹೆಜ್ಜೇನು. ಮರದ ಪೊಟರೆಯಲ್ಲಿ ತುಡುವೆ. ಪೊದೆಯ ಕಡ್ಡಿಗೆ ಅಂಗೈಯಗಲ ಕಟ್ಟುವುದು ಕಡ್ಡಿ ಜೇನು. ಗೋಡೆಯಲ್ಲಿ ನಸರಿ. ತೋಟದ ಅಂಚಿನಿಂದ ದೂರದ ಒಂದು ಮರ ತೋರಿಸಿದರು. ಅದರ ಕೊಂಬೆಗಳ ಅಡಿಯಲ್ಲಿ ಕಪ್ಪು ಅರ್ಧಚಂದ್ರಗಳು ಸಾಲಾಗಿ ತೂಗುತ್ತಿದ್ದವು, ಎಲ್ಲ ಹೆಜ್ಜೇನು. ವರ್ಷ ವರ್ಷವೂ ಅದೇ ಮರಕ್ಕೆ ಬರುತ್ತವಂತೆ. ಮಳೆಗಾಲ ಹಿಡಿದರೆ ಜಾಗ ಖಾಲಿ ಮಾಡುತ್ತವೆ. ಜೇನು ಇಳಿಸೋದು ಬೆಳದಿಂಗಳಿಲ್ಲದ ರಾತ್ರಿಯಲ್ಲಿ, ಒಣ ಸೊಪ್ಪಿನ ಮೇಲೆ ಹಸಿ ಸೊಪ್ಪು ಸುತ್ತಿದ ಹೊಗೆಕಟ್ಟು ಹಿಡಿದು. "ಪೂರ್ತಿ ಕುಯ್ಯಾದಿಲ್ಲ. ಮರಿ ಇರೋ ಕಡ ಬುಟ್ಬುಡಾದು" ಅಂದರು. ಹೆಜ್ಜೇನಿನ ಹತ್ತಿರ ಹೋಗುವ ಯೋಚನೆ ಯಾರೂ ಮಾಡಬೇಡಿ. ಘಾಟಾದ ಸೆಂಟು ಹಾಕಿಕೊಂಡು ಬಂದವರನ್ನು ಆ ಕಡೆಗೆ ಕರೆದೊಯ್ಯುವುದೇ ಇಲ್ಲ ಅಂದರು ತಾತ.

ಮನೆಗೆ ಕರೆದುಕೊಂಡು ಹೋಗಿ ಎರಡು ಬಾಟಲಿ ಜೇನು ಇಟ್ಟರು. ಒಂದು ಹೊಂಬಣ್ಣ, ಒಂದು ಕಪ್ಪು. ಕಪ್ಪು ಜೇನು ನಾಲಿಗೆಗೆ ಬಿದ್ದಾಗ ಮೊದಲು ಸಿಹಿ, ಆಮೇಲೆ ಕಹಿ. ಮಕ್ಕಳು ಮುಖ ಕಿವುಚಿದರು. ಅದು ನೇರಳೆ ಹೂವಿನ ಕಾಲದ್ದು. ಅಂಗಡಿಯ ಬಾಟಲಿಯಲ್ಲಿ ಎಲ್ಲ ಜೇನೂ ಒಂದೇ ರುಚಿ. ಇಲ್ಲಿ ರುಚಿ ನೋಡಿ ಯಾವ ತಿಂಗಳು ಅಂತ ಹೇಳುತ್ತಾರೆ. ಆಗ ನನ್ನ ಅಕ್ಕನ ಮಗ ಒಂದು ಒಳ್ಳೆ ಪ್ರಶ್ನೆ ಕೇಳಿದ. "ತಾತ, ನಿಮಗೆ ಕ್ಯಾಲೆಂಡರ್ ಬೇಡವಾ?"

ತಾತ ಜಗಲಿ ಮೇಲೆ ಕೂತು ವರ್ಷವನ್ನು ಹೇಳುತ್ತಾ ಹೋದರು, ಮಗಳು ನೋಟ್‌ಬುಕ್ಕಿನಲ್ಲಿ ದೊಡ್ಡ ಚಕ್ರ ಬರೆದು ತುಂಬುತ್ತಾ ಹೋದಳು. ಮುತ್ತುಗ ಕೆಂಪಾದರೆ ಬೇಸಿಗೆ ಬಾಗಿಲಿಗೆ ಬಂತು. ಆಮೇಲೆ ಜೇನು. ಮೊದಲ ಮಳೆ ಬಿದ್ದು ಗುಡುಗಿದರೆ ಅಣಬೆ. ಮುಂಗಾರಿಗೆ ರಾಗಿ ಬಿತ್ತನೆ, ರಾಗಿಯ ಜೊತೆಯಲ್ಲೇ ಅವರೆ, ಸಾಸಿವೆ, ಜೋಳ. ಮಳೆ ಜೋರಾದಾಗ ಬಿದಿರಿನ ಕಳಲೆ. ಚಳಿ ಬಂದರೆ ನೆಲ್ಲಿಕಾಯಿ. ಹೊಸ ರಾಗಿ ಬಂದ ಮೇಲೆ ರೊಟ್ಟಿ ಹಬ್ಬ, ಮೊದಲ ರಾಗಿ ದೇವರಿಗೆ. ನೂರೆ ಗೆಣಸು ಅಗೆದರೆ ಬಳ್ಳಿಯ ತಲೆಭಾಗವನ್ನು ಅದೇ ಗುಂಡಿಗೆ ಹಾಕಿ ಮಣ್ಣು ಮುಚ್ಚಿ ಬರಬೇಕು. ಮುಂದಿನ ವರ್ಷ ಅಲ್ಲೇ ಸಿಗುತ್ತದೆ.

ಚಕ್ರದಲ್ಲಿ ಒಂದು ಜಾಗ ಖಾಲಿ ಉಳಿಯಿತು. ಚಳಿಗಾಲದ ಕೊನೆ, ಮುತ್ತುಗಕ್ಕೆ ಮುಂಚೆ. "ಅಲ್ಲಿ ತರಗು ಬೆಂಕಿ ಇತ್ತು. ಈಗಿಲ್ಲ" ಅಂದರು. ಹಿಂದೆ ಎಲೆ ಉದುರಿದ ಹೊಸದರಲ್ಲಿ, ನೆಲದಲ್ಲಿ ಇನ್ನೂ ತೇವ ಇರುವಾಗಲೇ ಸೋಲಿಗರು ತರಗಿಗೆ ಸಣ್ಣ ಬೆಂಕಿ ಇಡುತ್ತಿದ್ದರು. ಮೊಣಕಾಲೆತ್ತರವೂ ಏಳದ ಬೆಂಕಿ. ಹೊಸ ಹುಲ್ಲು ಬರುತ್ತಿತ್ತು, ಬೇಸಿಗೆಯ ದೊಡ್ಡ ಬೆಂಕಿಗೆ ಸೌದೆ ಉಳಿಯುತ್ತಿರಲಿಲ್ಲ. 1974ರಲ್ಲಿ ಅಭಯಾರಣ್ಯವಾದ ಮೇಲೆ ಅದು ನಿಂತಿತು. ಕಾಡಿನೊಳಗಿದ್ದ ಸೋಲಿಗರನ್ನೂ ಅಲ್ಲಿಂದ ಎಬ್ಬಿಸಿ ರಸ್ತೆ ಹತ್ತಿರದ ಪೋಡುಗಳಿಗೆ ತಂದರು. ಆಮೇಲೆ ಲಂಟಾನ ಅನ್ನೋ ಕಳೆಗಿಡ ಕಾಡೆಲ್ಲ ಹಬ್ಬಿತು, ನೆಲ್ಲಿ ಮರಗಳಿಗೆ ಬಂದಳಿಕೆ ಜಾಸ್ತಿಯಾಯಿತು ಅನ್ನೋದು ತಾತನ ಮಾತು. ಇಲ್ಲಿ ವರ್ಷಗಟ್ಟಲೆ ಅಧ್ಯಯನ ಮಾಡಿದ ಸಂಶೋಧಕರೂ ಸೋಲಿಗರ ಈ ಮಾತನ್ನು ಗಂಭೀರವಾಗಿ ತೆಗೆದುಕೊಂಡು ಬರೆದಿದ್ದಾರೆ. ಮಗಳು ಖಾಲಿ ಜಾಗದಲ್ಲಿ ಸಣ್ಣ ಬೆಂಕಿ ಬರೆದು, ಅದರ ಮೇಲೆ ಗೀಟು ಹಾಕಿದಳು.

ಮಧ್ಯಾಹ್ನ ಎರಡು ಗಂಟೆಗೆ ಬಿಸಿಲು ಚುರುಗುಟ್ಟುತ್ತಿತ್ತು. ತಾತ ಕೋಲು ಎತ್ತಿಕೊಂಡು "ಮಳ ಬತ್ತದ, ಮನಗೆ ನಡೀರಿ" ಅಂದರು. ಆಕಾಶದಲ್ಲಿ ನನಗೇನೂ ಕಾಣಲಿಲ್ಲ. ಇರುವೆ ನೋಡಿ ಅಂದರು. ದಾರಿಯಲ್ಲಿ ಇರುವೆ ಸಾಲು ಬಿಳಿ ಮೊಟ್ಟೆ ಹೊತ್ತು ಮೇಲಕ್ಕೆ ಹೋಗುತ್ತಿತ್ತು. ನಾವು ಜಗಲಿ ಮುಟ್ಟಿ ಸ್ವಲ್ಪ ಹೊತ್ತಿಗೇ ಗಾಳಿ ಎದ್ದಿತು, ಹೆಂಚಿನ ಮೇಲೆ ಟಪಟಪ ಅಂತ ಆಲಿಕಲ್ಲು. ಪೋಡಿನ ಮಕ್ಕಳೆಲ್ಲ ಪಾತ್ರೆ ತಲೆ ಮೇಲೆ ಬೋರಲು ಹಾಕಿಕೊಂಡು ಅಂಗಳಕ್ಕೆ ಓಡಿದರು, ನಮ್ಮವರೂ ಅವರ ಹಿಂದೆಯೇ. ಒಬ್ಬ ಹುಡುಗಿ ನನ್ನ ಮಗಳಿಗೆ ಅಗಲ ಎಲೆ ಮಡಚಿ ದೊನ್ನೆ ಮಾಡೋದು ಹೇಳಿಕೊಟ್ಟಳು, ಆಲಿಕಲ್ಲು ತುಂಬಿಸೋಕೆ. ಕೈಕಾಲು ಮರಗಟ್ಟುವವರೆಗೂ ಆಡಿದರು. ಮೇ ತಿಂಗಳೇ ಆದರೂ ಬೆಟ್ಟಕ್ಕೆ ಹೋಗುವಾಗ ಮಕ್ಕಳಿಗೆ ಒಂದು ಸ್ವೆಟರ್, ಎರಡು ಜೊತೆ ಬಟ್ಟೆ ಜಾಸ್ತಿ ಇರಲಿ.

ಸಂಜೆ ಮಗನ ಮೊಣಕಾಲ ಹಿಂದೆ ಉಣ್ಣೆ ಹುಳ ಕಚ್ಚಿಕೊಂಡಿತ್ತು. ಅಕ್ಕ ದೀಪದ ಬೆಳಕಿನಲ್ಲಿ ಚಿಮಟದಿಂದ ಚರ್ಮದ ಹತ್ತಿರವೇ ಹಿಡಿದು ನೇರವಾಗಿ ಎಳೆದು ತೆಗೆದರು, ಸೋಪು ಹಾಕಿ ತೊಳೆದರು. ಆಮೇಲಿನ ದಿನಗಳಲ್ಲಿ ಎಲ್ಲರಿಗೂ ಉದ್ದ ಪ್ಯಾಂಟು, ಅದರ ಮೇಲೆ ಸಾಕ್ಸು.

ಭಾನುವಾರ: ಕೆ. ಗುಡಿ, ದೊಡ್ಡ ಸಂಪಿಗೆ

ಬೆಳಿಗ್ಗೆ ಕ್ಯಾತದೇವರ ಗುಡಿಯಲ್ಲಿ ಸಫಾರಿ. ಹುಲಿ ಕಾಣಲಿಲ್ಲ. ಕಾಟಿ ಹಿಂಡು ಕಂಡಿತು, ಕಡವೆ ಕಂಡಿತು, ಮರದಿಂದ ಮರಕ್ಕೆ ನೆಗೆಯುತ್ತಿದ್ದ ಕೆಂಜಳಿಲು ಕಂಡಿತು. ಉದ್ದ ಬಾಲದ ತುದಿಯಲ್ಲಿ ಎರಡು ಗರಿ ತೇಲಿಸುತ್ತಾ ಭೀಮರಾಜ ಜೀಪಿನ ಮುಂದೆಯೇ ಹಾದುಹೋಯಿತು. ಪಕ್ಕದ ಸೀಟಿನವರು ಹುಲಿ ಇಲ್ಲ ಅಂತ ದಾರಿಯುದ್ದಕ್ಕೂ ಬೇಸರಪಟ್ಟುಕೊಂಡರು. ನನ್ನ ಮಗ ಅವರಿಗೆ ಸಮಾಧಾನ ಹೇಳಿದ: "ಅದು ನಮ್ಮನ್ನ ನೋಡಿರುತ್ತೆ ಅಂಕಲ್."

ದೊಡ್ಡ ಸಂಪಿಗೆಗೆ ಇಲಾಖೆಯ ಅನುಮತಿ, ಜೊತೆಗೆ ಒಬ್ಬ ಸೋಲಿಗ ಅಣ್ಣ. ಭಾರ್ಗವಿ ಹೊಳೆಯ ದಡದಲ್ಲಿರುವ ಈ ಸಂಪಿಗೆ ಮರಕ್ಕೆ ನೂರಾರು ವರ್ಷ ಅನ್ನುವವರಿದ್ದಾರೆ, ಎರಡು ಸಾವಿರ ಅನ್ನುವವರೂ ಇದ್ದಾರೆ. ಬುಡ ಒಂದು ಮರದ್ದು ಅನ್ನಿಸುವುದೇ ಇಲ್ಲ. ಗಂಟು ಗಂಟಾಗಿ, ಮಡಿಕೆ ಮಡಿಕೆಯಾಗಿ ಹರಡಿದೆ. ಸುತ್ತ ಪೂಜೆಯ ಕಲ್ಲುಗಳು. ಸೋಲಿಗರಿಗೆ ಇದು ದೇವರ ಜಾಗ. ಪ್ರತಿ ಕುಲಕ್ಕೂ ಕಾಡಿನಲ್ಲಿ ಅದರದೇ ಎಲ್ಲೆ ಇದೆ, ಎಲ್ಲೆಯೊಳಗೆ ಅದರದೇ ದೇವರು, ಮಾರಮ್ಮ, ವೀರರು, ಕಲ್ಲುಗುಡಿ ಇವೆ. ಅಣ್ಣ ಚಪ್ಪಲಿ ಬಿಟ್ಟು ಕೈಮುಗಿದರು. ಮಕ್ಕಳು ತಾವಾಗಿಯೇ ಶೂ ಬಿಚ್ಚಿದರು. ಕೈ ಕೈ ಹಿಡಿದು ಮರ ಸುತ್ತುವರಿಯಬೇಕು ಅಂತ ಬೆಂಗಳೂರಿನಲ್ಲೇ ಪ್ಲಾನ್ ಹಾಕಿದ್ದರು. ಅಲ್ಲಿ ನಿಂತ ಮೇಲೆ ಆ ಮಾತನ್ನು ಯಾರೂ ಎತ್ತಲಿಲ್ಲ. ಮಗಳು ಬೇರಿನ ಮೇಲೆ ಅಂಗೈ ಇಟ್ಟು, ಪಾಚಿಯ ಕೆಳಗೆ ಎಷ್ಟು ತಣ್ಣಗಿದೆ ನೋಡು ಅಂತ ತಮ್ಮನನ್ನು ಕರೆದಳು.

ವಾಪಸ್ ಬರುವ ದಾರಿ ಹಿಂದಿನ ದಿನದ ಮಳೆಗೆ ಕೆಸರು. ನನ್ನ ಅಕ್ಕನ ಮಗನ ಶೂ ಅಟ್ಟೆ ಕೆಸರಲ್ಲೇ ಉಳಿಯಿತು, ಮೇಲಿನ ಭಾಗ ಕಾಲಲ್ಲಿ! ಅಣ್ಣ ನಗುತ್ತಾ ಕೆಳಗೆ ಬಿದ್ದಿದ್ದ ಕೊಂಬೆಯಿಂದ ತೊಗಟೆ ಸುಲಿದು, ಒಳನಾರನ್ನು ತೊಡೆ ಮೇಲೆ ಹೊಸೆದು ಹುರಿ ಮಾಡಿದರು. ಅಟ್ಟೆ ಮುಂದೆ ಒಂದು ಸುತ್ತು, ಹಿಮ್ಮಡಿಗೆ ಅಡ್ಡಲಾಗಿ ಒಂದು ಸುತ್ತು, ಪಕ್ಕದಲ್ಲಿ ಗಂಟು. ಜೀಪಿನವರೆಗೂ ಅದು ಸಡಿಲವಾಗಲಿಲ್ಲ. ಹುಡುಗ ಈಗಲೂ ಆ ಹುರಿ ಬಿಚ್ಚಲು ಬಿಡುತ್ತಿಲ್ಲ. ದಾರಿಯಲ್ಲಿ ಕವಳೆ ಹಣ್ಣು ಸಿಕ್ಕವು. ತಿನ್ನುವ ಮುಂಚೆ ಅಣ್ಣನಿಗೆ ತೋರಿಸಿ "ಇದು ತಿನ್ನಬಹುದಾ?" ಅಂತ ಕೇಳುವುದು ಅಷ್ಟರಲ್ಲಾಗಲೇ ಮಕ್ಕಳಿಗೆ ಅಭ್ಯಾಸವಾಗಿತ್ತು. ಗೊತ್ತಿಲ್ಲದ ಹಣ್ಣು ಬಾಯಿಗಿಡಬೇಡಿ ಅಂತ ನಾನು ಹೇಳಿದ್ದರೆ ಕೇಳುತ್ತಿದ್ದರೋ ಇಲ್ಲವೋ.

ಸಂಜೆ ರಂಗನಾಥನ ಗುಡಿ. ಬಂಡೆಯ ಅಂಚಿನಲ್ಲಿ ನಿಂತರೆ ಕೆಳಗೆ ಬಯಲು ಪೂರ್ತಿ ಕಾಣುತ್ತದೆ. ದೇವರಿಗೆ ಒಪ್ಪಿಸುವ ದೊಡ್ಡ ಚರ್ಮದ ಪಾದುಕೆ ನೋಡಿ ಮಗ ತನ್ನ ಕಾಲು ಅಳತೆ ಮಾಡಿದ. ಹತ್ತಿರದ ಊರಿನ ಕುಲದವರು ಅದನ್ನು ಮಾಡಿ ತರುವ ಪದ್ಧತಿ ಇದೆ. ರಂಗನಾಥ ಸೋಲಿಗರ ಹುಡುಗಿ ಕುಸುಮಾಲೆಯನ್ನು ಮದುವೆಯಾದ, ಹಾಗಾಗಿ ಸೋಲಿಗರಿಗೆ ಅವನು ರಂಗ ಭಾವ. ದೇವರನ್ನು ಭಾವ ಅಂತ ಕರೆಯಬಹುದು ಅನ್ನೋದು ಮಕ್ಕಳಿಗೆ ಭಾರಿ ಖುಷಿ ಕೊಟ್ಟಿತು. ಅಣ್ಣ ಅದನ್ನು ಹೇಳುವಾಗ ದನಿಯಲ್ಲಿ ಸಲುಗೆ ಇತ್ತು, ಹೆಮ್ಮೆಯೂ ಇತ್ತು.

ಸೋಮವಾರ: ಇಳಿಯುವ ಮುಂಚೆ

ಹೊರಡುವ ಬೆಳಿಗ್ಗೆ ಮತ್ತೆ ಪೋಡಿಗೆ ಹೋದೆವು. ಅಡುಗೆ ಮಾಡಿದ ಅಕ್ಕನ ಮನೆ ಮುಂದೆ ಇಬ್ಬರು ಲಂಟಾನ ಕಡ್ಡಿಯ ಸಿಪ್ಪೆ ಹೆರೆದು ಬುಟ್ಟಿ ಹೆಣೆಯುತ್ತಿದ್ದರು. ಕಾಡನ್ನು ಕಾಡುತ್ತಿರುವ ಗಿಡವನ್ನೇ ಕಡಿದು ತಂದು, ಬೇಯಿಸಿ, ಬಿದಿರಿನ ಬದಲಿಗೆ ಬಳಸುತ್ತಾರೆ. ನನ್ನ ಅಕ್ಕನ ಮಗ ಒಂದು ಸಾಲು ಹೆಣೆಯಲು ಪ್ರಯತ್ನಿಸಿ ಬೆರಳು ಗೀರಿಕೊಂಡ. ಹೆಣೆಯುತ್ತಿದ್ದವರು ಕಡ್ಡಿ ಹಿಡಿಯುವ ರೀತಿ ಮತ್ತೆ ತೋರಿಸಿಕೊಟ್ಟರು, ಎರಡನೇ ಸಾಲು ಕೂತಿತು.

ದೊಡ್ಡವನಿಗೆ ಒಂದು ಪ್ರಶ್ನೆ ತಲೆಯಲ್ಲಿ ಕೊರೆಯುತ್ತಿತ್ತು. ಹುಲಿ ಕಾಡು ಅಂದ ಮೇಲೆ ಇಲ್ಲಿ ಜನ ಹೇಗೆ ಇರಬಹುದು? ನೇರವಾಗಿ ಅಣ್ಣನನ್ನೇ ಕೇಳಿದ. ಅವರು ತಾಳ್ಮೆಯಿಂದ ಹೇಳಿದರು. 2011ರಲ್ಲಿ ಇದು ಹುಲಿ ಸಂರಕ್ಷಿತ ಪ್ರದೇಶ ಅಂತ ಆಯಿತು. ಮತ್ತೆ ಎಬ್ಬಿಸುತ್ತಾರೇನೋ ಅನ್ನೋ ಭಯ ಪೋಡುಗಳಲ್ಲಿತ್ತು. ಅದೇ ವರ್ಷ 2006ರ ಅರಣ್ಯ ಹಕ್ಕು ಕಾಯ್ದೆಯಡಿ ಸೋಲಿಗರ ಗ್ರಾಮಸಭೆಗಳಿಗೆ ಸಮುದಾಯ ಹಕ್ಕು ಸಿಕ್ಕಿತು. ಜೇನು, ನೆಲ್ಲಿ, ಕಲ್ಲುಹೂವು ತರುವ ಹಕ್ಕು, ದೇವರ ಜಾಗಗಳಿಗೆ ಹೋಗುವ ಹಕ್ಕು. ದೇಶದ ಹುಲಿ ಕಾಡೊಂದರಲ್ಲಿ ಇದು ಸಿಕ್ಕಿದ್ದು ಇಲ್ಲೇ ಮೊದಲು. "ನಮ್ಮ ಎಲ್ಲೆ ಎಲ್ಲಿ ಅಂತ ನಮಗ ಗೊತ್ತಿತ್ತು. ಕಾಗದದ ಮೇಲೆ ಬರಕ್ಕೆ ಇಷ್ಟು ವರ್ಷ ಬೇಕಾಯ್ತು" ಅಂದರು. ಮಕ್ಕಳಿಗೆ ಪ್ರಾಣಿ ಪಕ್ಷಿ ತೋರಿಸುವಾಗ ಈ ಭಾಗವನ್ನೂ ಹೇಳಲೇಬೇಕು ಅನ್ನೋದು ನನ್ನ ಬಲವಾದ ಅಭಿಪ್ರಾಯ. ಅವರಿಗೆ ಅರ್ಥವಾಗುತ್ತದೆ. ನ್ಯಾಯ ಅನ್ಯಾಯದ ವಿಷಯದಲ್ಲಿ ಮಕ್ಕಳು ನಮಗಿಂತ ಚುರುಕು.

ಅಲ್ಲೇ ಸ್ವಲ್ಪ ದೂರದಲ್ಲಿ ಡಾ. ಎಚ್. ಸುದರ್ಶನ್ 1981ರಲ್ಲಿ ಶುರು ಮಾಡಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ. ಆಸ್ಪತ್ರೆ, ಶಾಲೆ ಎರಡೂ ಇವೆ. ಶಾಲೆಗೆ ರಜೆ. ಇದೇ ಬೆಟ್ಟದಲ್ಲಿ ಇತ್ತೀಚಿನ ವರ್ಷಗಳಲ್ಲಿ ಸಿಕ್ಕ ಹೊಸ ಕಣಜವೊಂದರ ಕುಲಕ್ಕೆ ವಿಜ್ಞಾನಿಗಳು 'ಸೋಲಿಗ' ಅಂತಲೇ ಹೆಸರಿಟ್ಟಿದ್ದಾರೆ ಅಂತ ನಾನು ಹೇಳಿದಾಗ, ಶನಿವಾರ ದೊನ್ನೆ ಮಾಡೋದು ಹೇಳಿಕೊಟ್ಟ ಹುಡುಗಿ "ನಂಗೊತ್ತು" ಅಂದುಬಿಟ್ಟಳು.

ಜೇನು ಕೊಂಡೆವು, ಒಂದು ಹೊಂಬಣ್ಣದ್ದು, ಒಂದು ಕಹಿಯದ್ದು. ಕಹಿ ಬೇಕು ಅಂದಿದ್ದು ಮಕ್ಕಳೇ. ಪೋಡಿನವರಿಂದ ಅಥವಾ ಅವರ ಸಂಘದಿಂದಲೇ ಕೊಂಡರೆ ದುಡ್ಡು ಮರ ಹತ್ತಿದವರ ಕೈಗೇ ಹೋಗುತ್ತದೆ. ಚೌಕಾಸಿ ಮಾಡಬೇಡಿ. ರಾತ್ರಿ ಕತ್ತಲಲ್ಲಿ ಹೊಗೆ ಹಿಡಿದು ಅಷ್ಟೆತ್ತರ ಹತ್ತೋದಕ್ಕೆ ಏನು ಕೊಟ್ಟರೂ ಕಡಿಮೆಯೇ.

ತಾತ ಮಗಳ ಚಕ್ರವನ್ನು ಇನ್ನೊಮ್ಮೆ ನೋಡಿ, ನೆಲ್ಲಿಕಾಯಿಯ ಜಾಗ ತಪ್ಪಾಗಿದೆ, ಇನ್ನೂ ಸ್ವಲ್ಪ ಮುಂದಕ್ಕೆ ಬರಬೇಕು ಅಂತ ತಿದ್ದಿಸಿದರು. "ನೆಲ್ಲಿಗ ಬನ್ನಿ ಕೂಸು. ತಿಂದು ನೀರು ಕುಡಿದ್ರ ಗೊತ್ತಾಯ್ತದ" ಅಂದರು. ಡಿಸೆಂಬರಿನಲ್ಲಿ ನಮ್ಮ ಮಕ್ಕಳ ಶಾಲೆಗೆ ಕ್ರಿಸ್‌ಮಸ್ ರಜೆ ಇದೆ, ಆಗ ಅವರೆಕಾಯಿಯೂ ಬಂದಿರುತ್ತದೆ ಅಂದರು ಅಕ್ಕ. ಉಳಿಯೋಕೆ ಅದೇ ಮನೆ ಹೇಳಿಟ್ಟಿದ್ದೇವೆ.